ಟೆಂಪ್ಲರ್ ಮನೆ ಅಂತ ಹೇಳಿ ಮಾರುತ್ತಿದ್ದಾರೆ, ನಂಬಬಹುದಾ?

ಪ್ರಶ್ನೆ: ಮೇಡಂ, ನಾವು ಹಾಸನದವರು. ಒಂಬತ್ತು ವರ್ಷದಿಂದ ಫ್ರಾನ್ಸ್‌ನ ಟೂಲೂಸ್‌ನಲ್ಲಿದ್ದೇವೆ. ಕಳೆದ ಬೇಸಿಗೆಯಲ್ಲಿ ಮಿಯೊ ಪಟ್ಟಣದ ಹತ್ತಿರ ಲಾರ್ಜಾಕ್ ಬಯಲಿಗೆ ಹೋಗಿದ್ದೆವು. ಅಲ್ಲಿ ಏಳೆಂಟು ಕಲ್ಲುಮನೆಗಳ ಒಂದು ಪುಟ್ಟ ಊರು ಸಿಕ್ಕಿತು. ಎರಡು ಮನೆಗಳಲ್ಲಿ ಮಾತ್ರ ಜನ ಇದ್ದಾರೆ. ಒಂದು ಮನೆ ಮಾರಾಟಕ್ಕಿದೆ. ಏಜೆಂಟ್ ಹೇಳುವ ಪ್ರಕಾರ ಅದು 13ನೇ ಶತಮಾನದಲ್ಲಿ ಟೆಂಪ್ಲರ್ ಯೋಧರು ಕಟ್ಟಿದ್ದು, ಕೆಳಗಿನಿಂದ ಕೋಟೆಗೆ ಸುರಂಗ ಇದೆ. ಬಾಗಿಲ ಮೇಲಿನ ಕಲ್ಲಿನಲ್ಲಿ ಶಿಲುಬೆ ಮತ್ತು 1688 ಅಂತ ಕೆತ್ತಿದೆ. ಪಕ್ಕದ ಮನೆಯ ಅಜ್ಜಿ ಮಾತ್ರ ಬೇರೆ ಕಥೆ ಹೇಳಿದರು. ಈ ಊರುಗಳನ್ನು ಉಳಿಸಿದ್ದು ಗಾಂಧೀಜಿಯ ಶಿಷ್ಯರೊಬ್ಬರಂತೆ! ಯಾವುದು ನಿಜ? ಕೆಳಗಿನ ಕೋಣೆಯ ಗೋಡೆ ಒದ್ದೆ ಇದೆ. ಸಿಮೆಂಟ್ ಗಿಲಾವು ಮಾಡಿಸಿದರೆ ಸರಿಹೋಗುತ್ತದೆ ಅಂತಾರೆ. ಊರು ಹೀಗೆ ಖಾಲಿಯಾಗಿದ್ದು ಯಾಕೆ ಅಂತ ನಮ್ಮತ್ತೆಗೆ ಭಯ. ಈ ಮನೆ ಕೊಳ್ಳಬಹುದಾ?

ಉತ್ತರ: ನಿಮ್ಮ ಪತ್ರದ ಜೊತೆ ಕಳಿಸಿದ ಫೋಟೊಗಳನ್ನು ಎರಡು ಸಲ ನೋಡಿದೆ. ದಕ್ಷಿಣ ಫ್ರಾನ್ಸ್‌ನ ಹಳೇ ಕಲ್ಲುಕಟ್ಟಡಗಳ ದುರಸ್ತಿಯೇ ನನ್ನ ಹೊಟ್ಟೆಪಾಡು. ಹಾಗಾಗಿ ಇಂಥ ಪತ್ರ ವರ್ಷಕ್ಕೆ ನಾಲ್ಕಾರು ಬರುತ್ತವೆ, ನಾಲ್ಕಾರರಲ್ಲೂ ಟೆಂಪ್ಲರ್ ಇದ್ದೇ ಇರುತ್ತಾರೆ! ನಿಮಗೆ ನಿಜವಾಗಿ ಬೇಕಿರುವುದು ಎರಡು ವಿಷಯ ಅನಿಸುತ್ತದೆ. ಕಥೆ ಕೇಳಿ ಜಾಸ್ತಿ ದುಡ್ಡು ಕೊಟ್ಟು ಮೋಸ ಹೋಗಬಾರದು. ಕೊಂಡ ಮೇಲೆ ಮನೆ ಕೈ ಕೊಡಬಾರದು.

ಮೊದಲು ಏಜೆಂಟ್ ಮಾತು. ಟೆಂಪ್ಲರ್ ಅಂದರೆ ಮಧ್ಯಯುಗದ ಕ್ರೈಸ್ತ ಯೋಧ-ಸನ್ಯಾಸಿಗಳ ಒಂದು ಪಂಗಡ. ಲಾರ್ಜಾಕ್‌ನಲ್ಲಿ ಅವರು ಇದ್ದದ್ದು ಪೂರ್ತಿ ನಿಜ. 12ನೇ ಶತಮಾನದ ಮಧ್ಯದಲ್ಲಿ ಈ ಬಯಲು ಅವರ ಕೈಗೆ ಬಂತು. ಸೇಂತ್-ಯುಲಾಲಿ ಅವರ ಮುಖ್ಯ ಠಾಣೆ. ಲಾ ಕೂವೆರ್ತ್ವಾರಾದ್‌ನಲ್ಲಿ ಒಂದು ಕೋಟೆಮನೆ ಕಟ್ಟಿದರು. ಕತ್ತಿ ಹಿಡಿದ ಸನ್ಯಾಸಿಗಳು ಅಂತ ಸಿನಿಮಾದಲ್ಲಿ ತೋರಿಸುತ್ತಾರೆ, ಆದರೆ ಇಲ್ಲಿ ಅವರ ದಿನದ ಕೆಲಸ ಕುರಿ, ಕುದುರೆ, ಧಾನ್ಯ. ಜೆರುಸಲೇಮ್ ಕಡೆಯ ಯುದ್ಧಕ್ಕೆ ಇಲ್ಲಿಂದ ದುಡ್ಡು ಹೋಗಬೇಕಿತ್ತು, ಅಷ್ಟೇ. 1307ರಲ್ಲಿ ಫ್ರಾನ್ಸ್ ರಾಜ ಅವರನ್ನೆಲ್ಲ ಹಿಡಿಸಿದ. 1312ರಲ್ಲಿ ಪೋಪ್ ಆ ಪಂಗಡವನ್ನೇ ರದ್ದು ಮಾಡಿದರು. ಆಸ್ತಿಯೆಲ್ಲ ಹಾಸ್ಪಿಟಲರ್ ಎಂಬ ಇನ್ನೊಂದು ಪಂಗಡಕ್ಕೆ ಹೋಯಿತು. ಮುಂದೆ ಮಾಲ್ಟಾದ ಯೋಧರು ಅಂತ ಹೆಸರಾದವರು ಇವರೇ.

ಈಗ ಲೆಕ್ಕ ಹಾಕಿ. ಟೆಂಪ್ಲರ್‌ಗಳು ಇಲ್ಲಿದ್ದದ್ದು ಸುಮಾರು 150 ವರ್ಷ. ಹಾಸ್ಪಿಟಲರ್‌ಗಳು ಫ್ರೆಂಚ್ ಕ್ರಾಂತಿಯವರೆಗೆ, ಅಂದರೆ ಹತ್ತಿರ ಹತ್ತಿರ 480 ವರ್ಷ. ಪ್ರವಾಸಿಗರು ಬಾಯಿ ಬಿಟ್ಟು ನೋಡುವ ಲಾ ಕೂವೆರ್ತ್ವಾರಾದ್‌ನ ಸುತ್ತುಗೋಡೆ, ಬುರುಜು ಎಲ್ಲ 'ಟೆಂಪ್ಲರ್ ಕೋಟೆ' ಅಂತಲೇ ಫೋಟೊಗಳಲ್ಲಿ ಓಡಾಡುತ್ತವೆ. ಆ ಗೋಡೆ ಶುರುವಾಗಿದ್ದು 1439ರಲ್ಲಿ. ಅಷ್ಟೊತ್ತಿಗೆ ಟೆಂಪ್ಲರ್‌ಗಳು ಹೋಗಿ ಶತಮಾನವೇ ಕಳೆದಿತ್ತು. ಕಟ್ಟಿಸಿದವರು ಹಾಸ್ಪಿಟಲರ್‌ಗಳು. ಇಂಗ್ಲಿಷರ ಜೊತೆಗಿನ ನೂರು ವರ್ಷದ ಯುದ್ಧದಲ್ಲಿ ಕೆಲಸ ಕಳಕೊಂಡ ಸೈನಿಕರು ಊರೂರು ದೋಚುತ್ತಿದ್ದರು, ಅವರ ಭಯಕ್ಕೆ ಕಟ್ಟಿದ್ದು. ಪಾಪ, ಹಾಸ್ಪಿಟಲರ್‌ಗಳ ಹೆಸರಿಟ್ಟುಕೊಂಡು ಯಾರೂ ಮನೆ ಮಾರುವುದಿಲ್ಲ.

ನಿಮ್ಮ ಊರಿನಂಥದ್ದಕ್ಕೆ ಫ್ರೆಂಚರು 'ಆಮೊ' ಅನ್ನುತ್ತಾರೆ. ನಮ್ಮ ಕಂದಾಯ ಲೆಕ್ಕದಲ್ಲಿ ಮಜರೆ ಅಂತೀವಲ್ಲ, ಅದು. ಪಂಚಾಯಿತಿ ಕಚೇರಿ ಇಲ್ಲ, ಮೇಯರ್ ಇಲ್ಲ, ಎಷ್ಟೋ ಕಡೆ ಚರ್ಚೂ ಇಲ್ಲ. ಅವೆಲ್ಲ ಪಕ್ಕದ ದೊಡ್ಡ ಊರಿನಲ್ಲಿ. ಇಂಥ ಮಜರೆಯಲ್ಲಿ ಮನೆ ಕಟ್ಟಿಕೊಂಡವರು ರೈತರು ಮತ್ತು ಕುರಿಗಾಹಿಗಳು. ಟೆಂಪ್ಲರ್ ಕಾಲದಲ್ಲೂ ಇಲ್ಲಿ ಕುರಿಹಟ್ಟಿ ಇದ್ದಿರಬಹುದು. ಆದರೆ ನೀವು ನೋಡಿದ ಗೋಡೆ ಆ ಕಾಲದ್ದು ಅನ್ನುವುದಕ್ಕೆ ಫೋಟೊದಲ್ಲಿ ಏನೂ ಕಾಣಲಿಲ್ಲ.

ಶಿಲುಬೆಯಿಂದ ಏನೂ ಗೊತ್ತಾಗುವುದಿಲ್ಲ. ಭಕ್ತಿ ಇದ್ದ ಯಾವ ಮೇಸ್ತ್ರಿ ಬೇಕಾದರೂ ಕೆತ್ತಬಹುದಿತ್ತು. 1688 ಅನ್ನುವುದು ಸ್ವಲ್ಪ ಮಾತಾಡುತ್ತದೆ, ಆದರೆ ಹುಷಾರಾಗಿ ಕೇಳಬೇಕು. ಬಾಗಿಲ ಮೇಲೆ ಇಸವಿ ಕೆತ್ತುವುದು ಮನೆ ಕಟ್ಟಿದಾಗಲೇ ಅಂತಿಲ್ಲ. ಮದುವೆಗೆ, ಪಾಲು ಆದಾಗ, ಹೊಸ ಬಾಗಿಲು ಇಟ್ಟಾಗ ಕೂಡ ಕೆತ್ತುತ್ತಿದ್ದರು. ಬಿದ್ದ ಮನೆಯಿಂದ ಚೆನ್ನಾಗಿರುವ ಕಲ್ಲು ತಂದು ಇಟ್ಟುಕೊಳ್ಳುವುದೂ ಮಾಮೂಲು. ಮುಂದಿನ ಸಲ ಹೋದಾಗ ಆ ತಲೆಗಲ್ಲನ್ನು ಹತ್ತಿರದಿಂದ ನೋಡಿ. ಕೆಳಗಿನ ಪಕ್ಕದ ಕಲ್ಲುಗಳ ಬಣ್ಣ, ಉಳಿಯ ಗುರುತು ಇದರ ಜೊತೆ ಹೊಂದುತ್ತವಾ? ತುದಿಗಳು ಅವುಗಳ ಮೇಲೆ ಸಮವಾಗಿ ಕೂತಿವೆಯಾ, ಅಥವಾ ಒಂದು ಕಡೆ ಚೂರುಗಲ್ಲು ತುರುಕಿದ್ದಾರಾ? ನಿಮ್ಮ ಮೂರನೇ ಫೋಟೊದಲ್ಲಿ ಎಡಗಡೆ ಚೂರುಗಲ್ಲು ಕಂಡ ಹಾಗಾಯಿತು. ಹಾಗಿದ್ದರೆ ಆ ಕಲ್ಲು ಬೇರೆ ಮನೆಯಿಂದ ಬಂದಿರಬಹುದು.

ಇನ್ನು ಸುರಂಗ! ಈ ಕಥೆ ಇಲ್ಲದ ಹಳ್ಳಿ ಫ್ರಾನ್ಸ್‌ನಲ್ಲಿ ನಾನು ಕಂಡಿಲ್ಲ. ಲಾರ್ಜಾಕ್‌ನಲ್ಲಿ ಇದಕ್ಕೊಂದು ಕಾರಣ ಇದೆ. ಎತ್ತರದಲ್ಲಿರುವ ಈ ಇಡೀ ಬಯಲು ಸುಣ್ಣಕಲ್ಲು. ಮಳೆ ನೀರು ಬಿದ್ದ ಕೂಡಲೇ ಬಿರುಕುಗಳಲ್ಲಿ ಇಳಿದು ಹೋಗುತ್ತದೆ. ಮೇಲೆ ಹೊಳೆ ಇಲ್ಲ, ಹಳ್ಳ ಇಲ್ಲ. ನೆಲದ ಕೆಳಗೆ ಮಾತ್ರ ಗುಹೆಗಳು, ಆಳವಾದ ಗುಂಡಿಗಳು ಬೇಕಾದಷ್ಟು. ಹಾಗಾಗಿ ಪ್ರತಿ ಮನೆಯೂ ಛಾವಣಿಯ ನೀರನ್ನು ಹಿಡಿದು ನೆಲದೊಳಗಿನ ತೊಟ್ಟಿಗೆ ಬಿಡುತ್ತಿತ್ತು. ಆ ತೊಟ್ಟಿಗೆ ಕಲ್ಲಿನ ಕಮಾನು ಹೊದಿಸಿರುತ್ತಾರೆ. ಟಾರ್ಚ್ ಹಿಡಿದು ಇಣುಕಿದರೆ ಥೇಟ್ ಸುರಂಗವೇ. ನಿಮ್ಮ ಏಜೆಂಟ್ ತೋರಿಸಿದ್ದು ಇದೇ ಅಂತ ನನ್ನ ಊಹೆ. ಅದರ ಬಾಯಿಯ ಕಲ್ಲನ್ನು ಬೆರಳಿಂದ ಸವರಿ. ನಾಲ್ಕೈದು ನುಣುಪಾದ ಗೀರು ಸಿಕ್ಕಿದರೆ ಅದು ಹಗ್ಗ ಎಳೆದೆಳೆದು ಸವೆದದ್ದು. ತಲೆಮಾರುಗಟ್ಟಲೆ ಹೆಂಗಸರು ಕೊಡ ಇಳಿಸಿ ನೀರು ಸೇದಿದ ಜಾಗ. ನನಗೆ ಕೇಳಿದರೆ ಟೆಂಪ್ಲರ್ ಶಿಲುಬೆಗಿಂತ ಇದಕ್ಕೆ ಬೆಲೆ ಜಾಸ್ತಿ.

ಊರ ಅಂಚಿನಲ್ಲಿ ಕಲ್ಲು ಹಾಸಿದ, ತಟ್ಟೆಯ ಹಾಗೆ ತಗ್ಗಾದ ಒಂದು ಹೊಂಡ ನೋಡಿರಬೇಕು. ಅದು 'ಲಾವೋಞ್'. ಕುರಿ ನೀರು ಕುಡಿಯಲು ಮಾಡಿದ್ದು. ಮೊದಲು ಬರೀ ಜೇಡಿಮಣ್ಣು ಬಡಿದು ನೀರು ನಿಲ್ಲಿಸುತ್ತಿದ್ದರು. ಎಷ್ಟೋ ಕಡೆ ಕಲ್ಲು ಹಾಸಿದ್ದು 19ನೇ ಶತಮಾನದ ಕೊನೆಗೆ. ಕುರಿಯ ಗೊರಸು ಮಣ್ಣನ್ನು ತುಳಿದು ತೂತು ಮಾಡದಿರಲಿ ಅಂತ. ಇಷ್ಟೆಲ್ಲ ತಾಪತ್ರಯ ಯಾಕೆ ಅಂದರೆ ರೊಕ್‌ಫೋರ್ ಚೀಸ್. ಲಾಕೋನ್ ತಳಿಯ ಕುರಿಯ ಹಸಿ ಹಾಲಿನಿಂದ ಮಾಡಿ, ಪಕ್ಕದ ರೊಕ್‌ಫೋರ್ ಊರಿನ ಗುಹೆಗಳಲ್ಲಿ ಹದ ಬರಿಸುವ ನೀಲಿ ಎಳೆಯ ಚೀಸ್. ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಸಿಕ್ಕಿದ ಫ್ರಾನ್ಸ್‌ನ ಮೊದಲ ಚೀಸ್ ಇದು, 1925ರಲ್ಲಿ. ಹಾಲು ಚೀಸ್‌ಗೆ ಬೇಕು ಅಂತ ಮರಿಗಳನ್ನು ಬೇಗ ಕಡಿಯುತ್ತಿದ್ದರು. ಆ ಎಳೆ ಚರ್ಮ ಮಿಯೊಗೆ ಹೋಗಿ ಪ್ಯಾರಿಸ್ ಹೆಂಗಸರ ಕೈಗವಸು ಆಗುತ್ತಿತ್ತು. ಲಾರ್ಜಾಕ್ ಕೂಡ ಸೇರಿರುವ ಕಾಸ್ ಮತ್ತು ಸೆವೆನ್ ಪ್ರದೇಶವನ್ನು 2011ರಲ್ಲಿ ಯುನೆಸ್ಕೊ ವಿಶ್ವಪರಂಪರೆ ಪಟ್ಟಿಗೆ ಸೇರಿಸಿತು. ಕಾರಣ ಬರೆಯುವಾಗ ಅವರೂ ಕೋಟೆಯನ್ನು ಹಿಡಿದುಕೊಳ್ಳಲಿಲ್ಲ. ಕುರಿ ಮೇಯಿಸುವವರು ಕಟ್ಟಿಕೊಂಡ ಬದುಕು, ಅದರಿಂದ ಆದ ಬಯಲು, ಇದನ್ನೇ ಮುಂದಿಟ್ಟರು.

ಈಗ ಅಜ್ಜಿಯ ಕಥೆ. ಇದು ವಾಟ್ಸಾಪ್‌ದಲ್ಲ.

1971ರಲ್ಲಿ ಫ್ರಾನ್ಸ್ ಸರ್ಕಾರ ಲಾರ್ಜಾಕ್‌ನ ಸೇನಾ ಶಿಬಿರವನ್ನು 3,000 ಹೆಕ್ಟೇರಿನಿಂದ 17,000 ಹೆಕ್ಟೇರಿಗೆ ಬೆಳೆಸುತ್ತೇವೆ ಅಂತ ಘೋಷಿಸಿತು. ಅಲ್ಲಿ ಯಾರೂ ಇಲ್ಲ, ಬರೀ ಬಂಡೆ ಅನ್ನುವ ಮಾತು ಪ್ಯಾರಿಸ್‌ನಲ್ಲಿ. ಮರುವರ್ಷ ಮಾರ್ಚ್‌ನಲ್ಲಿ 70 ದಾಟಿದ, ಬಿಳಿ ಗಡ್ಡದ ಒಬ್ಬರು ಲಾ ಕಾವಲೆರಿ ಊರಿಗೆ ಬಂದು 15 ದಿನ ಉಪವಾಸ ಕೂತರು. ಹೆಸರು ಲಾಂಜಾ ದೆಲ್ ವಾಸ್ತೊ. ಹುಟ್ಟಿದ್ದು ಇಟಲಿಯಲ್ಲಿ, 1901ರಲ್ಲಿ. 1937ರಲ್ಲಿ ವಾರ್ಧಾಕ್ಕೆ ಹೋಗಿ ಗಾಂಧೀಜಿ ಜೊತೆ ಇದ್ದು ಬಂದವರು. ಶಾಂತಿದಾಸ ಅಂತ ಹೆಸರಿಟ್ಟದ್ದು ಗಾಂಧೀಜಿಯೇ. ಲಾರ್ಜಾಕ್‌ಗೆ ತೀರ ದೂರವಲ್ಲದ ಲಾ ಬೋರಿ ನೋಬ್ಲ್‌ನಲ್ಲಿ ಅವರದೊಂದು ಆಶ್ರಮ, ನೂಲುವುದು, ನೇಯುವುದು, ಉಳುವುದು. ಆ ಉಪವಾಸದ ದಿನಗಳಲ್ಲೇ, ಮಾರ್ಚ್ 28ರಂದು, 103 ರೈತರು ಸೇನೆಗೆ ಭೂಮಿ ಮಾರುವುದಿಲ್ಲ ಅಂತ ಸಹಿ ಹಾಕಿದರು. ಅವರಲ್ಲಿ ಬಹಳ ಮಂದಿ ಭಾನುವಾರ ತಪ್ಪದೆ ಚರ್ಚಿಗೆ ಹೋಗುವ, ಸರ್ಕಾರಕ್ಕೆ ಎದುರು ಮಾತಾಡಿ ಗೊತ್ತಿಲ್ಲದ ಜನ.

ಆಮೇಲೆ ನಡೆದದ್ದು ಹತ್ತು ವರ್ಷದ ಸತ್ಯಾಗ್ರಹ. 1972ರ ಅಕ್ಟೋಬರ್‌ನಲ್ಲಿ 60 ಕುರಿಗಳನ್ನು ಐಫೆಲ್ ಗೋಪುರದ ಬುಡಕ್ಕೆ ತಂದು ಬಿಟ್ಟರು. 1973ರ ಜೂನ್‌ನಲ್ಲಿ ಲಾ ಬ್ಲಾಕಿಯೇರ್ ಎಂಬ ಮಜರೆಯಲ್ಲಿ, ಪರವಾನಗಿ ಇಲ್ಲದೆ, ಒಂದು ದೊಡ್ಡ ಕುರಿಹಟ್ಟಿಗೆ ಕಲ್ಲು ಇಟ್ಟರು. ಆ ಹೆಸರಿಗೆ ಅಲ್ಲಿನ ಆಕ್ಸಿತಾನ್ ಭಾಷೆಯಲ್ಲಿ ಓಕ್ ಮರಗಳ ತೋಪು ಅಂತ ಅರ್ಥ. ದೇಶದ ಎಲ್ಲ ಕಡೆಯಿಂದ ಹುಡುಗರು ಬಂದು ಕಲ್ಲು ಹೊತ್ತರು. ತೆರಿಗೆಯಲ್ಲಿ 3% ಸರ್ಕಾರಕ್ಕೆ ಕಟ್ಟದೆ ರೈತರಿಗೆ ಕಳಿಸುವ ಚಳವಳಿ ನಡೆಯಿತು, ಆ ದುಡ್ಡೂ ಇದಕ್ಕೆ ಬಂತು. 1975ರ ಮಾರ್ಚ್‌ನಲ್ಲಿ ಅದೇ ಮಜರೆಯ ಒಂದು ರೈತರ ಮನೆಗೆ ರಾತ್ರಿ ಬಾಂಬ್ ಇಟ್ಟರು. ಮನೆ ಹೋಯಿತು, ಒಳಗೆ ಮಲಗಿದ್ದ ಜನ ಉಳಿದರು. 1978ರಲ್ಲಿ ರೈತರು ಪ್ಯಾರಿಸ್‌ವರೆಗೆ ಸುಮಾರು 700 ಕಿ.ಮೀ. ನಡೆದರು. 1981ರಲ್ಲಿ ಮಿತೆರಾಂ ಅಧ್ಯಕ್ಷರಾದ ಮೇಲೆ ಯೋಜನೆ ಕೈಬಿಟ್ಟರು.

ಹಾಗಂತ ಒಬ್ಬ ಶಿಷ್ಯ ಬಂದು ಊರು ಉಳಿಸಿದರು ಅನ್ನುವುದು ಸ್ವಲ್ಪ ಜಾಸ್ತಿಯಾಯಿತು. ಅವರು ದಾರಿ ತೋರಿಸಿದರು. ಹತ್ತು ವರ್ಷ ಎಳೆದದ್ದು ರೈತರು, ಕೊನೆಗೆ ತೀರ್ಮಾನವಾಗಿದ್ದು ಮತಪೆಟ್ಟಿಗೆಯಲ್ಲಿ. ಅಜ್ಜಿಗೆ ಆಗ ಎಷ್ಟು ವಯಸ್ಸು, ಅವರು ಎಲ್ಲಿದ್ದರು ಅಂತ ಕೇಳಿದಿರಾ? ಕೇಳಿ, ಬರೆದಿಟ್ಟುಕೊಳ್ಳಿ.

ಈ ಇತಿಹಾಸ ನಿಮ್ಮ ಖರೀದಿಗೂ ನೇರವಾಗಿ ತಗಲುತ್ತದೆ. ಸೇನೆ ಅಷ್ಟರಲ್ಲಿ ಕೊಂಡಿದ್ದ ಸುಮಾರು 6,300 ಹೆಕ್ಟೇರ್ ಭೂಮಿ ಸರ್ಕಾರದ ಹೆಸರಿನಲ್ಲೇ ಉಳಿಯಿತು. 1985ರಲ್ಲಿ ಅದನ್ನು ರೈತರದೇ ಒಂದು ಸಂಸ್ಥೆಗೆ ದೀರ್ಘ ಗುತ್ತಿಗೆಗೆ ಕೊಟ್ಟರು, ಆಮೇಲೆ ಗುತ್ತಿಗೆಯನ್ನು 2083ರವರೆಗೆ ಮುಂದುವರಿಸಿದರು. ಆ ಜಮೀನಿನ ಮೇಲಿರುವ ಮನೆಗಳನ್ನು ಯಾರೂ ಕೊಳ್ಳಲಾಗದು, ಮಾರಲಾಗದು. ದುಡಿಯುವಷ್ಟು ಕಾಲ ಇರಬಹುದು, ಅಷ್ಟೇ. ನಿಮ್ಮ ಮನೆ ಖಾಸಗಿಯದೇ ಇರಬೇಕು, ಇಲ್ಲದಿದ್ದರೆ ಏಜೆಂಟ್ ಕೈಗೆ ಬರುತ್ತಿರಲಿಲ್ಲ. ಆದರೂ ಪಕ್ಕದ ಕಣ, ದಾರಿ, ಲಾವೋಞ್ ಯಾರ ಹೆಸರಿನಲ್ಲಿದೆ ಅಂತ ಕ್ರಯಪತ್ರ ಮಾಡುವ ನೋಟರಿ ಹತ್ತಿರ ನಕ್ಷೆ ಹಾಕಿಸಿ ನೋಡಿ. ಶಿಬಿರ ಪೂರ್ತಿ ಹೋಗಿಲ್ಲ ಅನ್ನುವುದೂ ನೆನಪಿರಲಿ. ಹಳೇ ಜಾಗ ಹಾಗೇ ಇದೆ, 2016ರಿಂದ ಅಲ್ಲಿ ಫಾರಿನ್ ಲೀಜನ್‌ನ, ಅಂದರೆ ವಿದೇಶಿಯರನ್ನು ಸೇರಿಸಿಕೊಳ್ಳುವ ಫ್ರೆಂಚ್ ಸೇನೆಯ ವಿಭಾಗದ, ಒಂದು ದಳ ಇದೆ. ಗುಂಡಿನ ಅಭ್ಯಾಸದ ಸದ್ದು ಕೇಳುತ್ತದಾ ಅಂತ ವಾರದ ದಿನ ಹೋಗಿ ನೋಡಬೇಕು. ಭಾನುವಾರ ಎಲ್ಲ ಊರೂ ಪ್ರಶಾಂತ.

ಅತ್ತೆಯವರ ಭಯಕ್ಕೆ ಬರೋಣ. ಶಾಪ ಇಲ್ಲ, ಪಿಡುಗೂ ಅಲ್ಲ. 19ನೇ ಶತಮಾನದ ನಡುವಿನಿಂದ ಜನ ಕೆಳಗಿಳಿದು ಹೋಗುತ್ತಾ ಬಂದರು. ಮಿಯೊದ ಕೈಗವಸು ಕಾರ್ಖಾನೆಗೆ, ಕೆಳಗಿನ ತಗ್ಗುಸೀಮೆಯ ದ್ರಾಕ್ಷಿ ತೋಟಕ್ಕೆ, ಪ್ಯಾರಿಸ್‌ನ ಕಾಫಿ ಅಂಗಡಿಗಳಿಗೆ. ಈ ಅವೆರೋನ್ ಸೀಮೆಯವರು ಪ್ಯಾರಿಸ್ ಹೋಟೆಲು ವ್ಯಾಪಾರಕ್ಕೆ ಹೆಸರುವಾಸಿ. ಆಮೇಲೆ ಮೊದಲ ಮಹಾಯುದ್ಧ. ಗಂಡಸರು ಹೋದರು, ಎಷ್ಟೋ ಜನ ಬರಲಿಲ್ಲ. ಪಂಚಾಯಿತಿ ಊರಿನ ಚೌಕದಲ್ಲಿ ಸ್ಮಾರಕ ಇರುತ್ತದೆ. ನಿಮ್ಮ ಮಜರೆಯ ಮನೆತನದ ಹೆಸರು ಅಲ್ಲಿ ಎಷ್ಟು ಸಲ ಬರುತ್ತದೆ ಎಣಿಸಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಉಳಿದರ್ಧ ರೊಡೆಜ್‌ನ ಜಿಲ್ಲಾ ದಾಖಲೆ ಭಂಡಾರದಲ್ಲಿದೆ. ಯಾರು ಬೇಕಾದರೂ ಹೋಗಿ ನೋಡಬಹುದು, ಬಹಳಷ್ಟು ಕುಳಿತಲ್ಲೇ ಅಂತರ್ಜಾಲದಲ್ಲೂ ಸಿಗುತ್ತದೆ. ನೆಪೋಲಿಯನ್ 1807ರಲ್ಲಿ ಶುರು ಮಾಡಿಸಿದ ಸರ್ವೆ ನಕ್ಷೆ ಮೊದಲು ನೋಡಿ. ಒಂದೊಂದು ಮನೆಗೂ ನಂಬರ್ ಇದೆ, ಮಾಲೀಕನ ಹೆಸರಿದೆ. ನಿಮ್ಮ ಮನೆಯ ಆಕಾರ ಅದರಲ್ಲಿ ಇವತ್ತಿನ ಹಾಗೇ ಇದೆಯಾ? ಜನಗಣತಿ ಪಟ್ಟಿಗಳಲ್ಲಿ 1836ರಿಂದ ಹೆಸರು, ವಯಸ್ಸು, ಕಸುಬು ಸಿಗುತ್ತವೆ, ಸಾಮಾನ್ಯವಾಗಿ ಮಜರೆ ಮಜರೆಯಾಗಿ ಬರೆದಿರುತ್ತಾರೆ. ಒಂದು ದಶಕದಲ್ಲಿ ಎಂಟು ಒಲೆ, ಮುಂದಿನದರಲ್ಲಿ ಆರು, ಆಮೇಲೆ ಮೂರು. ಊರು ಖಾಲಿಯಾಗುವುದು ಕಣ್ಣೆದುರೇ ಕಾಣುತ್ತದೆ. ಕ್ರಾಂತಿಯಲ್ಲಿ ಹಾಸ್ಪಿಟಲರ್ ಆಸ್ತಿಯನ್ನು ಮುಟ್ಟುಗೋಲು ಹಾಕಿ ಹರಾಜು ಮಾಡಿದರು, ಆ ಕ್ರಯದ ಕಾಗದಗಳೂ ಅಲ್ಲಿವೆ. ಯೋಧರ ಪಂಗಡಕ್ಕೂ ನಿಮ್ಮ ಮನೆಗೂ ನಂಟಿದ್ದರೆ ಅದರಲ್ಲಿ ಹೊರಬೀಳುವ ಸಾಧ್ಯತೆ ಇದೆ.

ಈಗ ಒದ್ದೆ ಗೋಡೆ. ದಯವಿಟ್ಟು ಸಿಮೆಂಟ್ ಬೇಡ. ಈ ಗೋಡೆಗಳು ಎರಡು ಪದರ ಕಲ್ಲು, ನಡುವೆ ಚೂರುಗಲ್ಲು ಮತ್ತು ಮಣ್ಣು. ನೆಲದ ತೇವ ಮೇಲೇರುತ್ತದೆ, ಸುಣ್ಣದ ಗಾರೆಯ ಮೂಲಕ ಆರಿಹೋಗುತ್ತದೆ. ಹೊರಗೆ ಸಿಮೆಂಟ್ ಬಳಿದರೆ ಆರುವ ದಾರಿ ಮುಚ್ಚಿತು. ತೇವ ಇನ್ನೂ ಮೇಲಕ್ಕೆ ಹತ್ತುತ್ತದೆ. ಬಯಲಿನ ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಕಲ್ಲಿನ ಮುಖವನ್ನೇ ಸೀಳುತ್ತದೆ. ಕೆಲವು ವರ್ಷಗಳ ಹಿಂದೆ ಇಂಥದ್ದೇ ಮನೆಯೊಂದರಲ್ಲಿ ಹಿಂದಿನ ಮಾಲೀಕರು ಬಳಿಸಿದ್ದ ಸಿಮೆಂಟ್ ಕಿತ್ತೆವು. ಹಿಂದಿದ್ದ ಗಾರೆ ಒದ್ದೆ ಸಕ್ಕರೆಯ ಹಾಗೆ ಅಂಗೈಗೆ ಬಂತು. ಗೋಡೆ ನಿಂತದ್ದು ಬರೀ ಭಾರದ ಮೇಲೆ. ನಿಮ್ಮ ಮನೆಯಲ್ಲಿ ಮೊದಲು ಸುತ್ತಲಿನ ಮಣ್ಣು ಒಳನೆಲಕ್ಕಿಂತ ಎತ್ತರವಿದೆಯಾ, ಛಾವಣಿ ನೀರು ತೊಟ್ಟಿಗೆ ಹೋಗುವ ಕಾಲುವೆ ಒಡೆದಿದೆಯಾ ನೋಡಿ. ಮುಕ್ಕಾಲು ಸಲ ತೇವದ ಮೂಲ ಇವೆರಡರಲ್ಲೇ ಸಿಗುತ್ತದೆ. ಸರಿಮಾಡಿ, ಒಂದು ವರ್ಷ ಗೋಡೆ ಒಣಗಲು ಬಿಡಿ, ಆಮೇಲೆ ಸುಣ್ಣದ ಗಿಲಾವು.

ಗೋಡೆಗಿಂತ ನನ್ನ ಚಿಂತೆ ಛಾವಣಿಯದು. ಲಾರ್ಜಾಕ್‌ನಲ್ಲಿ ದೊಡ್ಡ ಮರ ಕಡಿಮೆ, ತೊಲೆ ಸಿಗುತ್ತಿರಲಿಲ್ಲ. ಅದಕ್ಕೇ ಕೆಳಗೂ ಮೇಲೂ ಕಲ್ಲಿನ ಕಮಾನು, ಅದರ ಮೇಲೇ ಸುಣ್ಣಕಲ್ಲಿನ ಚಪ್ಪಡಿ. ಚದರ ಮೀಟರಿಗೆ ನೂರಾರು ಕಿಲೊ ಭಾರ. ಕಮಾನು ಆ ಭಾರವನ್ನು ಬರೀ ಕೆಳಕ್ಕೆ ಇಳಿಸುವುದಿಲ್ಲ, ಪಕ್ಕಕ್ಕೂ ಒದೆಯುತ್ತದೆ. ಬೆಳಕು ಸಾಲದು ಅಂತ ಪಕ್ಕದ ಗೋಡೆಯಲ್ಲಿ ದೊಡ್ಡ ಕಿಟಕಿ ಕೊರೆದವರು, ಬೇಡದ ಹಳೇ ಕೊಟ್ಟಿಗೆ ಅಂತ ಕೆಡವಿದವರು ಆಮೇಲೆ ನನ್ನ ಹತ್ತಿರ ಬಂದಿದ್ದಾರೆ. ಆ ಕೊಟ್ಟಿಗೆಯೇ ಕಮಾನಿಗೆ ಆಸರೆಯಾಗಿತ್ತು. ಕಿಟಕಿ ಚಿಕ್ಕದಿರುವುದಕ್ಕೆ 'ಬಾಗಿಲು-ಕಿಟಕಿ ತೆರಿಗೆ' ಕಾರಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ತೆರಿಗೆ ಇದ್ದದ್ದು ನಿಜ, 1798ರಿಂದ 1926ರವರೆಗೆ. ಆದರೆ ಮನೆ 1688ರದ್ದೇ ಆಗಿದ್ದರೆ ಅದನ್ನು ಹೊಂದಿಸುವುದು ಹೇಗೆ? ಗಾಳಿ, ಚಳಿ, ಗಾಜಿನ ಬೆಲೆ ಮತ್ತು ಈ ಕಮಾನು, ಇಷ್ಟು ಸಾಕು ಕಾರಣಕ್ಕೆ.

ನಿಮ್ಮ ಮುಂದೆ ದಾರಿ ಮೂರಿವೆ. ಸುಮ್ನೆ ವರ್ಷಕ್ಕೆರಡು ವಾರ ಅಲ್ಲೇ ಬಾಡಿಗೆಗೆ ಇದ್ದು ಬರುವುದು. ಖರ್ಚು ಕಡಿಮೆ, ತಲೆನೋವು ಇಲ್ಲ. ಎರಡನೆಯದು ಕೊಂಡು ಅಷ್ಟಷ್ಟೇ ದುರಸ್ತಿ, ಮೊದಲು ನೀರು ಮತ್ತು ಛಾವಣಿ, ಉಳಿದದ್ದು ನಿಧಾನ. ನನ್ನ ಒಲವು ಇದಕ್ಕೆ, ಆದರೆ ಛಾವಣಿಯ ಎಸ್ಟಿಮೇಟ್ ಕೈಗೆ ಬಂದ ಮೇಲೆ. ಕಲ್ಲುಚಪ್ಪಡಿ ಕೂರಿಸಬಲ್ಲ ಮೇಸ್ತ್ರಿಗಳು ಕಡಿಮೆ, ಮನೆಯ ಬೆಲೆಗಿಂತ ಛಾವಣಿ ದುಬಾರಿಯಾದದ್ದನ್ನು ಕಂಡಿದ್ದೇನೆ. ಮೂರನೆಯದು ಕೊಂಡು ಒಮ್ಮೆಲೇ ಎಲ್ಲ ಹೊಸದು ಮಾಡುವುದು. ದುಡ್ಡೂ ಹೋಗುತ್ತದೆ, ನೀವು ಇಷ್ಟಪಟ್ಟ ಮನೆಯೂ ಹೋಗುತ್ತದೆ.

ಕಾನೂನಿನ ಮಾತು ಸ್ವಲ್ಪ. ಯುನೆಸ್ಕೊ ಪಟ್ಟಿಯಿಂದ ನಿಮ್ಮ ಕಿಟಕಿಗೆ ನೇರ ತಡೆ ಇಲ್ಲ, ಫ್ರೆಂಚ್ ಕಾನೂನಿನಿಂದ ಇದೆ. ರಕ್ಷಿತ ಸ್ಮಾರಕದ 500 ಮೀಟರ್ ಒಳಗಿದ್ದು ಅಲ್ಲಿಂದ ಕಾಣುವಂತಿದ್ದರೆ ಸರ್ಕಾರದ ವಾಸ್ತುಶಿಲ್ಪಿಯ ಒಪ್ಪಿಗೆ ಬೇಕು. ಹೊರಗಿದ್ದರೂ ಛಾವಣಿ, ಕಿಟಕಿ ಬದಲಿಸಲು ಪಂಚಾಯಿತಿಗೆ ಅರ್ಜಿ ಕೊಡಬೇಕು. ಮಜರೆಗಳಲ್ಲಿ ಒಳಚರಂಡಿ ಇರುವುದಿಲ್ಲ. ಸೆಪ್ಟಿಕ್ ಟ್ಯಾಂಕ್ ತಪಾಸಣೆಯ ಕಾಗದ 3 ವರ್ಷದೊಳಗಿನದು ಇರಬೇಕು, ಸರಿಯಿಲ್ಲದಿದ್ದರೆ ಕೊಂಡ ಒಂದು ವರ್ಷದಲ್ಲಿ ನೀವೇ ಸರಿಪಡಿಸಬೇಕು. ಆ ಖರ್ಚನ್ನು ಬೆಲೆಯಲ್ಲಿ ಮುರಿಸಿಕೊಳ್ಳಿ. ಮನೆ ಜೊತೆ ಹೊಲವೂ ಬಂದರೆ ಕೃಷಿಭೂಮಿಯ ಮಾರಾಟದ ಮೇಲೆ ಕಣ್ಣಿಡುವ ಸಾಫೆರ್ ಎಂಬ ಸಂಸ್ಥೆಗೆ ಮೊದಲು ಕೊಳ್ಳುವ ಹಕ್ಕಿದೆ. ಕರಾರಿಗೆ ಸಹಿ ಹಾಕಿದ ಮೇಲೂ 10 ದಿನ ಹಿಂದೆ ಸರಿಯಬಹುದು, ಹೆದರಬೇಡಿ. ಜಿಲ್ಲೆಯ 'ಕೋ' ಎಂಬ ಸಲಹಾ ಕೇಂದ್ರದ ವಾಸ್ತುಶಿಲ್ಪಿಗಳು ಮನೆಯವರಿಗೆ ಪುಕ್ಕಟೆ ಸಲಹೆ ಕೊಡುತ್ತಾರೆ. ನನ್ನಂಥವರಿಗೆ ಫೀಸ್ ಕೊಡುವ ಮೊದಲು ಅಲ್ಲಿಗೆ ಹೋಗಿ ಬನ್ನಿ.

ಸಹಿಗೆ ಮೊದಲು ನವೆಂಬರ್‌ನಲ್ಲಿ, ಮಳೆ ಹಿಡಿದ ದಿನ ಒಮ್ಮೆ ಹೋಗಿ. ಟಾರ್ಚ್, ಒಂದು ಹಳೇ ಮೊಳೆ ಜೊತೆಗಿರಲಿ. ಕೆಳಕೋಣೆಯ ಗಾರೆಯನ್ನು ಮೊಳೆಯಿಂದ ಗೀರಿ, ಗಟ್ಟಿಯಿದೆಯಾ ಉದುರುತ್ತಾ ನೋಡಿ. ತೊಟ್ಟಿಯ ಮುಚ್ಚಳ ತೆಗೆಸಿ, ಛಾವಣಿಯ ನೀರು ಒಳಗೆ ಬೀಳುವ ಸದ್ದು ಬರುತ್ತದಾ ಕೇಳಿ. ಸದ್ದು ಬರದಿದ್ದರೆ ನೀರು ಗೋಡೆಗೆ ಹೋಗುತ್ತಿರಬಹುದು. ಹಾಗೇ, ನಿಮ್ಮ ಎರಡನೇ ಫೋಟೊದಲ್ಲಿ ಬಾಗಿಲಿಗೆ ಮೊಳೆ ಹೊಡೆದು ಸಿಕ್ಕಿಸಿದ ಒಣ ಮುಳ್ಳುಹೂವು ಇದೆಯಲ್ಲ, ಸೂರ್ಯನ ಹಾಗೆ ಕಾಣುವುದು, ಅದು ಕಾರ್ದಾಬೆಲ್. ಕಸ ಅಂತ ಕಿತ್ತು ಬಿಸಾಡಬೇಡಿ. ಗಾಳಿಯಲ್ಲಿ ತೇವ ಏರಿದರೆ ಅದರ ಎಸಳು ಮುಚ್ಚಿಕೊಳ್ಳುತ್ತವೆ. ಮಳೆ ಬರುತ್ತದಾ ಅಂತ ಅಜ್ಜಿ ದಿನಾ ನೋಡುವುದು ಬಹುಶಃ ಅದನ್ನೇ.